ಮೊಂಡು ಮೂತಿಯ ಮರಿದೋಣಿ

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು ಅಂತ ಸುದ್ದಿ ಹಬ್ಬಿದಾಗ ಅರ್ಧ ಚಿತ್ರದುರ್ಗ ಜಿಲ್ಲೆ ಗಾಡಿ ಮಾಡಿಕೊಂಡು ಹಿರಿಯೂರಿನ ಕಡೆ ಹೊರಟಿತ್ತು. 1933ರಲ್ಲಿ ಒಮ್ಮೆ ಕೋಡಿ ಹರಿದದ್ದು ಬಿಟ್ಟರೆ ಮತ್ತೆ 89 ವರ್ಷ ನೀರು ಆ ಕಡೆ ತಲೆ ಹಾಕಿರಲಿಲ್ಲ. ಅಜ್ಜ ಕಂಡದ್ದನ್ನು ಮೊಮ್ಮಗ ಕಾಣುವ ಹೊತ್ತಿಗೆ ಮೊಮ್ಮಗನಿಗೂ ತಲೆ ನರೆತಿತ್ತು. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ಎರಡೂ ಸಲ ನಾನು ಹೋಗಿದ್ದೆ. ಜನ ಕೋಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಮಂಡಕ್ಕಿ ಮಿರ್ಚಿ ತಿಂದರು, ಅಲ್ಲಿನ ಕಣಿವೆ ಮಾರಮ್ಮನಿಗೆ ಕೈಮುಗಿದು ಮನೆಗೆ ಹೋದರು. ಅಷ್ಟು ನೀರನ್ನು ದಡದಲ್ಲಿ ನಿಂತು ನೋಡಿದರೇ ಹೊರತು, ಅದರ ಮೇಲೆ ಹೋಗಬಹುದು ಅಂತ ಅನ್ನಿಸಿದಂತೆ ಕಾಣಲಿಲ್ಲ. ನೀರಿನ ಮೇಲಿದ್ದವರು ಮೀನು ಹಿಡಿಯುವವರು ಮಾತ್ರ, ತಮ್ಮ ದುಂಡನೆಯ ತೆಪ್ಪಗಳಲ್ಲಿ.

ದಡದಲ್ಲಿ ನಿಂತವರನ್ನು ದೂರುವಂತಿಲ್ಲ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ, ಸಿಮೆಂಟಿಲ್ಲದೆ ಕಲ್ಲು ಗಾರೆಯಲ್ಲಿ ಕಟ್ಟಿದ ಈ ಅಣೆಕಟ್ಟೆ ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. ಆದರೆ ಅದರ ಆಯಸ್ಸಿನ ಬಹುಪಾಲು ಅರೆಹೊಟ್ಟೆಯಲ್ಲೇ ಕಳೆಯಿತು. ನೀರಿಲ್ಲದ ಊರಲ್ಲಿ ದೋಣಿ ಕಟ್ಟುವ ಕಸುಬು ಎಲ್ಲಿಂದ ಬಂದೀತು? ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರಿಕೊಂಡು ಜಲಾಶಯ ಹೊಸದುರ್ಗದ ಹಿನ್ನೀರಿನವರೆಗೂ ಹರಡಿ ಕೂತಿದೆ. ಇನ್ನು ಗಾಳಿ. ಜೋಗಿಮಟ್ಟಿಯ ಗುಡ್ಡಗಳ ಮೇಲೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವ ಲಾರಿಯವರೂ ಬಲ್ಲರು. ಗಾಳಿಯಿಂದ ಕರೆಂಟು ತೆಗೆಯುವ ಜಿಲ್ಲೆ ಅದೇ ಗಾಳಿಗೆ ಒಂದು ಹಾಯಿ ಬಿಚ್ಚಿಲ್ಲ ಅನ್ನುವುದು ನನಗೆ ಬಹಳ ದಿನ ಕೊರೆಯಿತು. ಕೊನೆಗೆ ಕಳೆದ ಚಳಿಗಾಲ ನಮ್ಮೂರ ಬಡಗಿ ಆಚಾರ್ರನ್ನು ಜೊತೆಗಿಟ್ಟುಕೊಂಡು ಎಂಟಡಿಯ ದೋಣಿಯೊಂದನ್ನು ಮಾಡಿದೆ. ಹುಟ್ಟೂ ಹಾಕಬಹುದು, ಹಾಯಿಯೂ ಕಟ್ಟಬಹುದು. ಸಮುದ್ರದ ಕಡೆ ಇಂಥದ್ದನ್ನು ದೊಡ್ಡ ನಾವೆಯ ಬೆನ್ನಿಗೆ ಕಟ್ಟಿಕೊಂಡು, ದಡಕ್ಕೂ ನಾವೆಗೂ ಓಡಾಡಲು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ದೊಡ್ಡ ನಾವೆ ಇಲ್ಲ, ಹಾಗಾಗಿ ಇದು ತಾಯಿಲ್ಲದ ಮರಿ. ಮಾಡಹೊರಟವರಿಗೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ತೆಪ್ಪ ಸಾಲದೇ?

ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ತೆಪ್ಪ, ಹಂಪಿಯ ಕಡೆಯವರ ಹರಿಗೋಲು, ಸಾಮಾನ್ಯ ವಸ್ತುವಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಹತ್ತಿರ ಬುಟ್ಟಿಯಂಥ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕೆಂದರೆ ಎತ್ತು ಕುದುರೆಯನ್ನೂ ದಾಟಿಸುತ್ತವೆ ಎಂದು. ಇವತ್ತು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಇನ್ನೂ ಅನುಕೂಲವಿದ್ದವರು ಇಡೀ ತೆಪ್ಪವನ್ನೇ ಫೈಬರಿನಲ್ಲಿ ಎರಕ ಹೊಯ್ಯಿಸಿಕೊಂಡಿದ್ದಾರೆ. ಬಲೆ ಬಿಡುವವನಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಎಲ್ಲ ಕಡೆಯೂ ಒಂದೇ, ಎಲ್ಲಿಂದ ಬೇಕಾದರೂ ಬಲೆ ಎಳೆಯಬಹುದು, ಬಂಡೆಗೆ ಬಡಿದರೆ ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ, ಹೆಗಲ ಮೇಲೆ ಹೊತ್ತು ನಡೆಯಬಹುದು.

ಆದರೆ ದುಂಡಗಿನದಕ್ಕೆ ದಿಕ್ಕಿಲ್ಲ. ಒಂದು ಬದಿ ಹುಟ್ಟು ಹಾಕಿದರೆ ಗಿರಕಿ ಹೊಡೆಯುತ್ತದೆ. ಗಾಳಿ ಬಂದರೆ ಗಾಳಿ ಒಯ್ದ ಕಡೆ ಹೋಗುತ್ತದೆ. ಹಾಯಿ ಕೆಲಸ ಮಾಡಬೇಕಾದರೆ ದೋಣಿ ಮುಂದಕ್ಕೆ ಸಲೀಸಾಗಿ ಜಾರಬೇಕು, ಪಕ್ಕಕ್ಕೆ ಜಾರಲು ಒಪ್ಪಬಾರದು. ಅದಕ್ಕೆ ಉದ್ದ ಬೇಕು, ನೀರಿನೊಳಗೆ ಇಳಿದು ನಿಲ್ಲುವ ಒಂದು ಹಲಗೆಯೂ ಬೇಕು.

ಹುಟ್ಟಿಗೂ ಹಾಯಿಗೂ ಒಂದೇ ದೋಣಿ ಅಂದಾಗ ಜಗಳ ಶುರುವಾಗುತ್ತದೆ. ಹುಟ್ಟಿನ ದೋಣಿ ಸಪೂರವಾಗಿ ಹಗುರವಾಗಿದ್ದರೆ ಚೆನ್ನ. ಹಾಯಿಯ ದೋಣಿ ಅಗಲವಾಗಿರಬೇಕು, ಇಲ್ಲವಾದರೆ ಗಾಳಿಯ ಏಟಿಗೆ ಮಗುಚಿಕೊಳ್ಳುತ್ತದೆ. ಎರಡನ್ನೂ ಮೆಚ್ಚಿಸಲು ಹೋದರೆ ಎರಡಕ್ಕೂ ಅರೆಬರೆಯಾದದ್ದು ಕೈಗೆ ಬರುತ್ತದೆ. ನನ್ನ ತೀರ್ಮಾನ ಇಷ್ಟು: ಮೊದಲು ಹುಟ್ಟು, ಆಮೇಲೆ ಹಾಯಿ. ಗಾಳಿ ನಿಂತ ದಿನ ಮನೆಗೆ ಕರೆತರುವುದು ಹುಟ್ಟೇ.

ಚೂಪು ಮೂತಿಯ ಮೋಹ

ಮಗುವಿಗೆ ದೋಣಿ ಬರೆ ಅಂದರೆ ಮುಂದೆ ಚೂಪು ಮಾಡಿ ಬರೆಯುತ್ತದೆ. ನಾನೂ ಮೊದಲ ನಕ್ಷೆಯನ್ನು ಹಾಗೇ ಬರೆದಿದ್ದೆ. ಹದಿನಾರು ಅಡಿಯ ದೋಣಿಗೆ ಅದು ಸರಿ. ಎಂಟಡಿಯಲ್ಲಿ ಮುಂದಿನ ಎರಡೂವರೆ ಅಡಿಯನ್ನು ಚೂಪು ಮಾಡಿದರೆ ಅಲ್ಲಿ ಯಾರೂ ಕೂರುವಂತಿಲ್ಲ, ಭಾರ ಹೊರುವ ಜಾಗವೂ ಹಾಳು. ಒಬ್ಬರು ಮುಂದೆ ಬಗ್ಗಿದರೆ ಮೂತಿ ನೀರಿಗೆ ಮುಳುಗುತ್ತದೆ. ಅದಕ್ಕೇ ಈ ಅಳತೆಯ ದೋಣಿಗಳಿಗೆ ಮುಂದೆಯೂ ಒಂದು ಅಡ್ಡಪಲಗೆ ಕೊಟ್ಟು ಮೂತಿಯನ್ನು ಮೊಂಡಾಗಿಸುತ್ತಾರೆ. ಮೊಂಡು ಮೂತಿಯನ್ನು ನೀರಿನಿಂದ ಸ್ವಲ್ಪ ಮೇಲಕ್ಕೆತ್ತಿ ಕಟ್ಟಿದರೆ ಅದು ಅಲೆಯನ್ನು ಸೀಳುವುದಿಲ್ಲ, ಹತ್ತಿ ಇಳಿಯುತ್ತದೆ.

ಇದು ನನ್ನ ಸಂಶೋಧನೆಯೇನಲ್ಲ. ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ 1947ರಲ್ಲಿ ಮಕ್ಕಳಿಗಾಗಿ ‘ಆಪ್ಟಿಮಿಸ್ಟ್’ ಎಂಬ ದೋಣಿ ಮಾಡಿದ. ಪ್ಲೈವುಡ್ ಹಾಳೆಯ ಉದ್ದವೇ ಅದರ ಉದ್ದ, ಎಂಟಡಿಗೆ ಸ್ವಲ್ಪ ಕಡಿಮೆ. ಮೂತಿ ಮೊಂಡು, ಸುಮಾರು 35 ಚದರಡಿಯ ಒಂದೇ ಹಾಯಿ. ಇವತ್ತು ಜಗತ್ತಿನ ಎಷ್ಟೋ ಮಕ್ಕಳು ಹಾಯಿ ಕಲಿಯುವುದು ಅದರಲ್ಲೇ. 1963ರಲ್ಲಿ ಇಂಗ್ಲೆಂಡಿನ ‘ಡೈಲಿ ಮಿರರ್’ ಪತ್ರಿಕೆ ಸಾಮಾನ್ಯ ಜನ ಮನೆಯಲ್ಲೇ ಜೋಡಿಸಿಕೊಳ್ಳಲಿ ಅಂತ ‘ಮಿರರ್’ ದೋಣಿಯನ್ನು ಹೊರತಂದಿತು. ಹತ್ತಡಿ ಮೀರಿದ ಅದಕ್ಕೂ ಮೊಂಡು ಮೂತಿಯೇ. ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದುಗಳಿಗೆ ಗಾಜುನಾರಿನ ಪಟ್ಟಿ, ಅಂಟು ಮೆತ್ತುವ ಉಪಾಯ ಮನೆಮಾತಾದದ್ದು ಅದರಿಂದ. ನಾವು ಮಾಡಿದ್ದೂ ಅದೇ ಹೊಲಿಗೆ.

ಅಳತೆ

ಎಂಟಡಿಗೆ ನಾಲ್ಕಡಿಯ, 6 ಮಿಲಿಮೀಟರ್ ದಪ್ಪದ ಪ್ಲೈ ಮೂರು ಹಾಳೆ ಸಾಕು. ಮೊದಲ ಹಾಳೆ ತಳಕ್ಕೆ: ನಡುವೆ ಮೂರಡಿ ಅಗಲ, ಮುಂದೆ 20 ಇಂಚು, ಹಿಂದೆ 33 ಇಂಚು. ಎರಡನೆಯದನ್ನು ಉದ್ದಕ್ಕೆ 16 ಇಂಚಿನ ಮೂರು ಪಟ್ಟಿ ಮಾಡಿ. ಎರಡು ಪಟ್ಟಿ ಎರಡು ಪಕ್ಕಗಳಿಗೆ. ಮೂರನೆಯದರಲ್ಲಿ ಮುಂದಿನ, ಹಿಂದಿನ ಅಡ್ಡಪಲಗೆ ಎರಡೂ ಬರುತ್ತವೆ. ಮೂರನೇ ಹಾಳೆ ಕೂರುವ ಹಲಗೆ, ಚುಕ್ಕಾಣಿ, ನೀರಿಗಿಳಿಸುವ ಹಲಗೆ, ಅದು ಕೂರುವ ಗೂಡು ಇವಕ್ಕೆ. ಪಕ್ಕದ ಹಲಗೆಗಳು ನೆಟ್ಟಗೆ ನಿಲ್ಲಬಾರದು, ಬಾಣಲೆಯ ಅಂಚಿನ ಹಾಗೆ ಹೊರಕ್ಕೆ ವಾಲಬೇಕು. ನಡುವಿನಲ್ಲಿ ಒಂದೊಂದು ಪಕ್ಕ ಆರಿಂಚು ವಾಲಿದರೆ ಬಾಯಿ ನಾಲ್ಕಡಿ ಅಗಲವಾಗುತ್ತದೆ. ತಳ ಉದ್ದಕ್ಕೂ ಚಪ್ಪಟೆಯಾಗಿರಬಾರದು. ಪಕ್ಕದ ಹಲಗೆಯ ಕೆಳಗಂಚನ್ನು ಬಿಲ್ಲಿನಂತೆ ಕೊಯ್ದು ಮುಂದೆ ಐದಿಂಚು, ಹಿಂದೆ ಎರಡಿಂಚು ಮೇಲೆತ್ತಿಕೊಳ್ಳಿ. ಹೀಗೆ ಬಾಗಿದ ಮೇಲೆ ದೋಣಿ ಪೂರ್ತಿ ಎಂಟಡಿ ಉಳಿಯುವುದಿಲ್ಲ, ನಾಲ್ಕೈದು ಇಂಚು ಗಿಡ್ಡವಾಗುತ್ತದೆ.

ಈ ದೋಣಿ ಎಷ್ಟು ಹೊರುತ್ತದೆ ಅನ್ನುವುದಕ್ಕೆ ಕಾಗದದ ಮೇಲೇ ಲೆಕ್ಕ ಹಾಕಬಹುದು. ನೀರಿಗೆ ತಾಗುವ ತಳ ಹೆಚ್ಚುಕಡಿಮೆ ಒಂದೂವರೆ ಚದರ ಮೀಟರು. ಒಂದು ಸೆಂಟಿಮೀಟರ್ ಮುಳುಗಿದರೆ 15 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ 15 ಕೆಜಿ ಹೊತ್ತಂತಾಯಿತು. ದೋಣಿ 40 ಕೆಜಿ, ಇಬ್ಬರು ದೊಡ್ಡವರು 140, ಸಾಮಾನು 10, ಒಟ್ಟು 190. ಹದಿಮೂರು ಸೆಂಟಿಮೀಟರ್ ಮುಳುಗುತ್ತದೆ, ತಳ ಬಾಗಿರುವುದರಿಂದ ಇನ್ನೆರಡು ಸೇರಿಸಿಕೊಳ್ಳಿ. ನೀರಿನ ಮೇಲೆ ಅಂಚು ಒಂದು ಗೇಣು ಉಳಿಯುತ್ತದೆ. ಮೂರನೆಯವರು ಬಂದು ಕೂತರೆ ಆ ಗೇಣೂ ಕುಗ್ಗುತ್ತದೆ. ಇದು ಇಬ್ಬರ ದೋಣಿ. ನೆಂಟರು ಬಂದ ದಿನ ಇದನ್ನು ಮರೆಯಬೇಡಿ.

ಹಲಗೆ ಕೊಯ್ಯುವ ಮುಂಚೆ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಹತ್ತರಲ್ಲಿ ಒಂದು ಅಳತೆಯ ಮಾದರಿ ಮಾಡಿ, ಟೇಪಿನಲ್ಲಿ ಅಂಟಿಸಿ ನೋಡಿ. ರಟ್ಟಿನಲ್ಲಿ ಕೂಡದ ಸಂದು ಪ್ಲೈನಲ್ಲೂ ಕೂಡುವುದಿಲ್ಲ. ನಾನು ಮೂರು ರಟ್ಟಿನ ದೋಣಿ ಕೆಡಿಸಿದ ಮೇಲೆ ನಾಲ್ಕನೆಯದು ಬಾಯಿ ಮುಚ್ಚಿತು.

ಬಾಗುಗೆರೆ ಎಳೆಯಲು ಆಚಾರ್ರು ಒಂದು ಉಪಾಯ ಹೇಳಿಕೊಟ್ಟರು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ದಬ್ಬೆಗೇನು ಬರವೇ? ಒಂದನ್ನು ಬೆರಳಗಲಕ್ಕೆ ಸೀಳಿ, ತೋಪಡ ಹೊಡೆದು ಸಮ ಮಾಡಿ, ಗುರುತು ಹಾಕಿದ ಕಡೆ ಹೊಡೆದ ಮೊಳೆಗಳ ಪಕ್ಕ ಬಾಗಿಸಿ ಇಟ್ಟರೆ ಅದೇ ಗೆರೆ ಕೊಡುತ್ತದೆ. ಗಣ್ಣು ಇರುವ ಪಟ್ಟಿ ಬೇಡ, ಗಣ್ಣಿನಲ್ಲಿ ಗೆರೆ ಮುರಿಯುತ್ತದೆ. ಎಳೆದ ಗೆರೆಯನ್ನು ಹಲಗೆಯ ತುದಿಯಲ್ಲಿ ಕಣ್ಣಿಟ್ಟು ಉದ್ದಕ್ಕೆ ನೋಡಿ. ಉಬ್ಬುತಗ್ಗು ಅಳತೆಪಟ್ಟಿಗೆ ಸಿಗದಿದ್ದರೂ ಕಣ್ಣಿಗೆ ಸಿಗುತ್ತದೆ.

ಹುಳಿ ಪಾತ್ರೆಯಲ್ಲಿ ಬೆಂದ ಪ್ಲೈ

ಇಲ್ಲಿ ನಾನು ಎಡವಿದೆ. ಅಂಗಡಿಯಲ್ಲಿ ‘ಮೆರೀನ್ ಪ್ಲೈ’ ಅಂತ ಕೇಳಿದೆ, ‘ಮೆರೀನೇ ಸಾರ್’ ಅಂತ ಕೊಟ್ಟರು, ತಂದೆ. ಆಚಾರ್ರು ಹಾಳೆಯ ಅಂಚು ತಟ್ಟಿ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಅನುಮಾನ ಇದೆ ಅಂತ ಅರ್ಥ. ಅಂಗೈಯಗಲದ ಒಂದು ತುಂಡು ಕೊಯ್ದು ಮನೆಯ ಹಳೇ ಹುಳಿ ಪಾತ್ರೆಯಲ್ಲಿ ಬೇಯಲಿಕ್ಕೆ ಇಟ್ಟೆ. ‘ಉಪ್ಪು ಹಾಕಿದ್ರಾ?’ ಅಂತ ನಮ್ಮನೆಯವಳು ಕೇಳಿ ಹೋದಳು. ನಾಲ್ಕು ಗಂಟೆ ಕುದಿಯುವಷ್ಟರಲ್ಲಿ ತುಂಡು ಚಿರೋಟಿಯ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ನೀರು ಕಂದು ತಿರುಗಿತ್ತು. ಬಲಗೈ ಬೆರಳಿನಿಂದ ಒಂದು ಪದರ ಎತ್ತಿದರೆ ಸಿಪ್ಪೆಯ ಹಾಗೆ ಬಂತು, ಕೆಳಗೆ ಅಂಟೇ ತಾಗದೆ ಬೋಳಾಗಿದ್ದ ಒಂದು ಮಚ್ಚೆ, ಎಂಟಾಣೆಯಷ್ಟು ಅಗಲ. ಕೊಯ್ದ ಹಾಳೆಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅದು ಈಗ ನಮ್ಮ ಅಟ್ಟದ ಬಾಗಿಲಾಗಿದೆ.

ಹಾಗಾಗಿ ಕೊಳ್ಳುವಾಗ ಹೆಸರು ನಂಬಬೇಡಿ, ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿ. ಮೆರೀನ್ ಪ್ಲೈಗೆ ನಮ್ಮ ದೇಶದಲ್ಲಿರುವ ಮಾನಕ ಅದು. 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಅದರ ಷರತ್ತು. ಐಎಸ್ 303 ಅಂತಿದ್ದರೆ ಅದು ಅಡುಗೆಮನೆಯ ಕಪಾಟಿಗೆ ಸರಿ, ದೋಣಿಗಲ್ಲ. ಮುದ್ರೆ ಇದ್ದರೂ ಒಂದು ಚೂರು ಕೇಳಿ ಪಡೆದು ಮನೆಯಲ್ಲಿ ಆರೆಂಟು ಗಂಟೆ ಕುದಿಸಿ. ಒಳ್ಳೆಯ ಮೆರೀನ್ ಹಾಳೆ 6 ಮಿಲಿಮೀಟರಿನದು ಹನ್ನೆರಡು ಕೆಜಿಯ ಆಸುಪಾಸು ತೂಗುತ್ತದೆ.

ಅಂಟು ಎಪಾಕ್ಸಿಯೇ ಆಗಬೇಕು. ನೀರಿನ ಟ್ಯಾಂಕಿಗೆ ತೇಪೆ ಹಾಕುವ ಅಗ್ಗದ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಷ್ಟು ಗಟ್ಟಿಯಾಗಿ ಕಚ್ಚುವುದಿಲ್ಲ, ಎರಡು ಮಳೆಗಾಲ ಕಳೆದರೆ ಸಿಪ್ಪೆ ಏಳುತ್ತದೆ. ಇಡೀ ಕೆಲಸದಲ್ಲಿ ಖರ್ಚು ಹೆಚ್ಚು ಬಂದದ್ದು ಎಪಾಕ್ಸಿಗೇ, ಅಲ್ಲಿ ಜಿಪುಣತನ ಮಾಡಬೇಡಿ. ಅಳತೆಯ ವಿಷಯದಲ್ಲಂತೂ ಕಣ್ಣಂದಾಜು ಕೂಡದು. ರೆಸಿನ್ ಎಷ್ಟು, ಗಟ್ಟಿಕಾರಕ ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಲಸಿದ ಎಪಾಕ್ಸಿ ಲೋಟದಲ್ಲೇ ಕುದಿದು ಹೊಗೆಯಾಡಿ ಕಲ್ಲಾಗುತ್ತದೆ. ನವೆಂಬರಿನಿಂದ ಜನವರಿಯವರೆಗೆ, ಬೆಳಗಿನ ಹೊತ್ತು, ಟೀ ಲೋಟದಷ್ಟು ಮಾತ್ರ ಕಲಸಿ. ಕೈಗವಸು ಬೇಕೇ ಬೇಕು. ಎಪಾಕ್ಸಿಯ ಅಲರ್ಜಿ ಚರ್ಮಕ್ಕೆ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ.

ಹೊಲಿಗೆ

‘ಮೊಳೆ ಎಲ್ಲಿ ಸಾರ್?’

‘ಮೊಳೆ ಇಲ್ಲ ಆಚಾರ್ರೇ, ಹೊಲಿಗೆ.’

‘ಹಲಗೆ ಹೊಲಿಯಾಕೆ ನಾನೇನು ದರ್ಜೀನಾ?’

2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಐಎನ್‌ಎಸ್‌ವಿ ಕೌಂಡಿನ್ಯ’ದ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಕಟ್ಟಿದ ಹಡಗು ಅದು. ಅರಬ್ಬಿ ಸಮುದ್ರದಲ್ಲಿ ಹಿಂದೆ ಓಡಾಡುತ್ತಿದ್ದದ್ದೂ ಅಂಥ ಹಡಗುಗಳೇ. ಆಚಾರ್ರು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಹೊಲಿಗೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಡ್ರಿಲ್ ಕೈಗೆತ್ತಿಕೊಂಡರು.

ಕೆಲಸ ಹೀಗೆ. ಹಲಗೆಗಳ ಅಂಚಿನಿಂದ ಕಾಲಿಂಚು ಒಳಗೆ, ನಾಲ್ಕು ಇಂಚಿಗೊಂದರಂತೆ ಸಣ್ಣ ತೂತು. ತಳ ಮತ್ತು ಪಕ್ಕದ ತೂತುಗಳು ಎದುರುಬದುರಾಗಿ ಬರಬೇಕು. ತಾಮ್ರದ ತಂತಿ, ಅದಿಲ್ಲದಿದ್ದರೆ ಎಲೆಕ್ಟ್ರಿಕ್ ಅಂಗಡಿಯ ಪ್ಲಾಸ್ಟಿಕ್ ಕೇಬಲ್ ಟೈ. ಮೊದಲು ಎಲ್ಲವನ್ನೂ ಸಡಿಲವಾಗಿ ಕಟ್ಟಿ, ನಡುವೆ ನಾಲ್ಕಡಿಯ ಅಡ್ಡಕೋಲು ಕೊಟ್ಟು ಪಕ್ಕಗಳನ್ನು ಹಿಗ್ಗಿಸಿ, ಆಮೇಲೆ ನಡುವಿನಿಂದ ತುದಿಗಳ ಕಡೆಗೆ ಒಂದೊಂದಾಗಿ ಬಿಗಿಯುತ್ತಾ ಹೋಗಬೇಕು. ಅರ್ಧ ಗಂಟೆಯ ಹಿಂದೆ ಗೋಡೆಗೆ ಒರಗಿಸಿದ್ದ ಚಪ್ಪಟೆ ಹಲಗೆಗಳು ಕಟಕಟ ಸದ್ದು ಮಾಡುತ್ತಾ ಬಾಗಿ ಒಂದಕ್ಕೊಂದು ಕೂಡಿಕೊಂಡು ಹೊಟ್ಟೆ ತಳೆದವು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹುಡುಗ ‘ಏ, ದೋಣಿ!’ ಅಂದ. ಅಲ್ಲಿಯವರೆಗೆ ಅದು ಹಂದಿಗೂಡು ಅಂತ ಅವನು ಅಂದುಕೊಂಡಿದ್ದನಂತೆ.

ಬಿಗಿದ ಮೇಲೆ ಎರಡು ಕರ್ಣಗಳನ್ನೂ ದಾರ ಹಿಡಿದು ಅಳೆಯಿರಿ, ಸಮ ಇರಬೇಕು. ಹಿಂದೆ ಮುಂದೆ ಅಡ್ಡಪಲಗೆಗಳ ಮೇಲೆ ಒಂದೊಂದು ರೀಪು ಇಟ್ಟು ದೂರದಿಂದ ನೋಡಿ, ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ದೋಣಿ ತಿರುಚಿಕೊಂಡಿದೆ. ಈಗ ಸರಿಪಡಿಸುವುದು ಎರಡು ನಿಮಿಷದ ಕೆಲಸ, ಅಂಟು ಒಣಗಿದ ಮೇಲೆ ಬ್ರಹ್ಮ ಬಂದರೂ ಆಗದು.

ಒಳಸಂದುಗಳಿಗೆ ಎಪಾಕ್ಸಿಯಲ್ಲಿ ನುಣುಪಾದ ಮರದ ಹೊಟ್ಟು ಕಲಸಿ, ಹೋಳಿಗೆ ಹೂರಣದ ಹದಕ್ಕೆ ತಂದು, ಚಮಚದ ಬೆನ್ನಿನಲ್ಲಿ ಒತ್ತಿ ಗುಂಡಗಿನ ಮೂಲೆ ಮಾಡಿ. ಅದರ ಮೇಲೆ ಮೂರಿಂಚಿನ ಗಾಜುನಾರಿನ ಪಟ್ಟಿ. ಒಣಗಿದ ಮೇಲೆ ದೋಣಿ ಬೋರಲು ಹಾಕಿ, ಹೊರಗಿನ ಟೈಗಳನ್ನು ಕತ್ತರಿಸಿ, ಅಂಚು ದುಂಡು ಮಾಡಿ ಹೊರಗೂ ಅದೇ ಪಟ್ಟಿ. ಬಾಯಿಯಂಚಿಗೆ ಒಳಗೊಂದು ಹೊರಗೊಂದು ಸಿಲ್ವರ್ ಓಕ್ ಅಥವಾ ತೇಗದ ಪಟ್ಟಿ. ಸಿಲ್ವರ್ ಓಕ್ ಹಗುರ, ಸುಲಭವಾಗಿ ಬಾಗುತ್ತದೆ, ಆದರೆ ಎಪಾಕ್ಸಿ ಕುಡಿಸದೆ ಬಿಟ್ಟರೆ ಬೇಗ ಕೊಳೆಯುತ್ತದೆ. ತಳದ ಹೊರಗೆ, ಹಿಂಭಾಗದ ಎರಡೂವರೆ ಅಡಿಗೆ ಮುಕ್ಕೋನದ ಒಂದು ಹಲಗೆಯನ್ನು ನಿಲ್ಲಿಸಿ. ಇದಿಲ್ಲದ ಮೊಂಡುದೋಣಿ ತೆಪ್ಪದ ತಮ್ಮನಂತೆ ಗಿರಕಿ ಹೊಡೆಯುತ್ತದೆ. ಕೊನೆಗೆ ಬಣ್ಣ. ಎಪಾಕ್ಸಿಗೆ ಬಿಸಿಲು ಆಗದು, ಬಣ್ಣವಿಲ್ಲದೆ ಬಿಟ್ಟರೆ ಪುಡಿ ಪುಡಿಯಾಗುತ್ತದೆ. ಒಳಗೆ ಬಿಳಿ ಅಥವಾ ತಿಳಿ ಬಣ್ಣ ಹಚ್ಚಿ, ಕಡುಬಣ್ಣದ ಹಲಗೆಯ ಮೇಲೆ ಮಾರ್ಚಿನಲ್ಲಿ ಕೂತು ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಸೋರುತ್ತದೆಯೇ ಅಂತ ನೋಡಲು ಕೃಷಿಹೊಂಡಕ್ಕೆ ಇಳಿಸಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರಿನಲ್ಲಿ ಜಾರಿದವರು ಈಜು ಬಂದರೂ ಹತ್ತಿ ಬರಲಾಗದೆ ಸಾಯುತ್ತಾರೆ. ದೋಣಿಯನ್ನು ಎರಡು ಸ್ಟೂಲಿನ ಮೇಲೆ ಕೂರಿಸಿ ಒಳಗೆ ನಾಲ್ಕು ಬಕೆಟ್ ನೀರು ಹೊಯ್ದು, ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ. ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ ಗುರುತು.

ಹುಟ್ಟು, ಹಾಯಿ

ಹುಟ್ಟಿನ ಉದ್ದ ಬಾಯಗಲದ ಒಂದೂಮುಕ್ಕಾಲು ಪಟ್ಟು, ಅಂದರೆ ನಮ್ಮದಕ್ಕೆ ಏಳಡಿ. ದೋಣಿಯೊಳಗೆ ಎರಡಡಿ, ಹೊರಗೆ ಐದಡಿ. ಹುಟ್ಟನ್ನು ಹಿಡಿದಿಡುವ ಕವೆಯ ಜಾಗ, ಕೂರುವ ಹಲಗೆಯ ಹಿಂದಂಚಿನಿಂದ ದೋಣಿಯ ಬಾಲದ ಕಡೆಗೆ ಒಂದಡಿ. ಎತ್ತರ ಹಲಗೆಯಿಂದ ಏಳೆಂಟು ಇಂಚು. ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾನೆ ಎಂಬುದು ನೆನಪಿರಲಿ. ನಾನು ಇದನ್ನು ತಿರುವುಮುರುವಾಗಿ ಬರೆದುಕೊಂಡು ಕವೆಗಳನ್ನು ಒಮ್ಮೆ ಕಿತ್ತು ಕೂರಿಸಬೇಕಾಯಿತು. ಅಗ್ಗದ ಭಾರದ ಮರದ ಹುಟ್ಟು ಮಾಡಬೇಡಿ, ಗಂಟೆಗೆ ನೂರಾರು ಸಲ ಎತ್ತಬೇಕಾದ ವಸ್ತು ಅದು.

ಹಾಯಿಯಲ್ಲಿ ಹತ್ತಾರು ಬಗೆಯಿವೆ. ಚಿಕ್ಕ ದೋಣಿಗೆ ಒಪ್ಪುವುದು ನಾಲ್ಕು ಮೂಲೆಯ ಹಾಯಿ. ಒಂದಂಚನ್ನು ಕಂಬಕ್ಕೆ ಹಗ್ಗದಿಂದ ಸುತ್ತಿ ಕಟ್ಟಿ, ಇನ್ನೊಂದು ಓರೆಗಳುವಿನಿಂದ ಮೇಲಿನ ಹೊರಮೂಲೆಯನ್ನು ಎತ್ತಿ ಹಿಡಿಯುವುದು. ಆಪ್ಟಿಮಿಸ್ಟಿನದೂ ಇದೇ ಬಗೆ. ಕಂಬದಂಚು ಐದೂವರೆ ಅಡಿ, ಕೆಳಗಂಚು ಆರೂವರೆ, ಮೇಲಂಚು ನಾಲ್ಕು, ಹೊರಗಂಚು ಒಂಬತ್ತು. ಕಂಬದಂಚು ಕೆಳಗಂಚಿಗೆ ನೆಟ್ಟಗೆ ಕಾಟಕೋನದಲ್ಲಿ ನಿಲ್ಲಬೇಕು. 35 ಚದರಡಿ ಆಗುತ್ತದೆ. ಓರೆಗಳು ಏಳೂವರೆ ಅಡಿ ಸಾಕು. ಕಂಬ, ಗಳು ಎಲ್ಲ ದೋಣಿಗಿಂತ ಗಿಡ್ಡ, ಬಿಚ್ಚಿದರೆ ಒಳಗೇ ಹಿಡಿಯುತ್ತವೆ. ಬಿದಿರೇ ಸಾಕು. ಮೇದಾರರ ಹತ್ತಿರ ಹೋಗಿ ಗಟ್ಟಿಬಿದಿರು ಕೇಳಿ, ಬುಡದಲ್ಲಿ ಎರಡಿಂಚು ದಪ್ಪ ಇರಲಿ, ಸೀಳು ಹೋಗದಂತೆ ಗಣ್ಣುಗಳ ನಡುವೆ ನೂಲು ಸುತ್ತಿ ಎಪಾಕ್ಸಿ ಸವರಿ.

ಬಟ್ಟೆಗೆ ನಾವು ಬಳಸಿದ್ದು ಶೇಂಗಾ ಒಣಗಿಸುವ ಹಗುರ ಟಾರ್ಪಾಲಿನ್. ಹಾಯಿ ಪೂರ್ತಿ ಚಪ್ಪಟೆಯಾಗಿದ್ದರೆ ಎಳೆಯುವುದಿಲ್ಲ, ಅದಕ್ಕೊಂದು ಹೊಟ್ಟೆ ಬೇಕು. ಕಂಬದಂಚನ್ನೂ ಮೇಲಂಚನ್ನೂ ನೇರ ಕೊಯ್ಯದೆ ನಡುವೆ ಒಂದೂವರೆ ಇಂಚು ಹೊರಕ್ಕೆ ಉಬ್ಬಿಸಿ ಕೊಯ್ದರೆ, ನೇರ ಕಂಬಕ್ಕೆ ಕಟ್ಟಿದಾಗ ಆ ಹೆಚ್ಚಿನ ಬಟ್ಟೆ ಹೊಟ್ಟೆಯಾಗುತ್ತದೆ. ಟೈಲರು ರವಿಕೆಗೆ ಕೊಡುವ ಟಕ್ಕಿನ ತತ್ತ್ವವೇ ಇದು. ಅಂಚುಗಳಲ್ಲಿ ನೈಲಾನ್ ಪಟ್ಟಿ ಸೇರಿಸಿ ಹೊಲಿಸಿ, ನಮ್ಮಲ್ಲಿ ಬ್ಯಾಗು ಹೊಲಿಯುವವರು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು.

ನೀರಿಗಿಳಿಸುವ ಹಲಗೆ ಇಡುವ ಜಾಗದಲ್ಲಿ ದೋಣಿಯ ಸ್ವಭಾವವೆಲ್ಲ ಅಡಗಿದೆ. ಪ್ಲೈ ಮೂರು ಪದರ ಅಂಟಿಸಿ, ಹತ್ತಿಂಚು ಅಗಲದ ಹಲಗೆ ಮಾಡಿ. ತಳದ ಕೆಳಗೆ ಎರಡಡಿ ಇಳಿಯಬೇಕು. ಆ ಭಾಗ ಹಾಯಿಯ ವಿಸ್ತಾರದ ಇಪ್ಪತ್ತನೇ ಒಂದು ಪಾಲಿನ ಹತ್ತಿರ ಬರುತ್ತದೆ. ಹಾಯಿಯ ರಟ್ಟಿನ ಮಾದರಿಯನ್ನು ಸೂಜಿಯ ತುದಿಯಲ್ಲಿ ತೂಗಿಸಿ ಅದರ ನಡುಬಿಂದು ಕಂಡುಕೊಳ್ಳಿ. ಆ ಬಿಂದುವಿನಿಂದ ತೂಗುಗುಂಡು ಬಿಟ್ಟರೆ ಅದು ಹಲಗೆಯ ಮೇಲೆ ಬೀಳಬೇಕು. ಸರಿಯಾಗಿದೆಯೇ ಅಂತ ನೀರಿನಲ್ಲಿ ನೋಡುವ ಬಗೆ: ಚುಕ್ಕಾಣಿಯ ಹಿಡಿಕೆ ಬಿಟ್ಟುಬಿಡಿ. ದೋಣಿ ತಾನಾಗಿ ಗಾಳಿಗೆ ಎದುರು ತಿರುಗಿ ನಿಂತರೆ ಒಳ್ಳೆಯ ದೋಣಿ. ಗಾಳಿಗೆ ಬೆನ್ನು ಹಾಕಿ ಓಡಿದರೆ ಅಪಾಯಕಾರಿ, ಕಂಬವನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ.

ನೀರಿಗೆ ಮುಂಚೆ

ವಾಣಿವಿಲಾಸ ಸಾಗರದ ನೀರನ್ನು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯವರು ಕುಡಿಯುತ್ತಾರೆ. ಅದು ಯಾರು ಬೇಕಾದರೂ ಇಳಿಯುವ ಕೊಳವಲ್ಲ. ಅಣೆಕಟ್ಟೆಯ ಎಂಜಿನಿಯರ ಕಚೇರಿ, ಮೀನುಗಾರಿಕೆ ಇಲಾಖೆ ಎರಡರ ಅನುಮತಿಯನ್ನೂ ಬರಹದಲ್ಲಿ ಪಡೆಯಿರಿ. ಮೀನಿನ ಗುತ್ತಿಗೆದಾರರನ್ನೂ ಮಾತಾಡಿಸಿ, ಅವರ ಬಲೆಗಳಿಗೆ ನಿಮ್ಮ ಹಲಗೆ ಸಿಕ್ಕಿದರೆ ನಷ್ಟ ಅವರದು. ನಾನು ಕಲಿತದ್ದು ಪಂಚಾಯಿತಿಯ ಒಪ್ಪಿಗೆಯ ಮೇಲೆ ನಮ್ಮೂರ ಕೆರೆಯಲ್ಲಿ. ಹೊಸಬರಿಗೆ ಅದೇ ಸರಿ, ಯಾವ ಕಡೆ ಮಗುಚಿದರೂ ದಡ ಕೂಗಳತೆಯಲ್ಲಿರುತ್ತದೆ.

ಜಲಾಶಯದ ಕಣಿವೆಯಲ್ಲಿ ಗಾಳಿಯ ಲೆಕ್ಕ ಬೇರೆ. ಮುಂಗಾರಿನ ಗಾಳಿ ನೈಋತ್ಯದಿಂದ, ಹೊಸದುರ್ಗದ ಕಡೆಯಿಂದ ಬೀಸುತ್ತದೆ. ಹಿನ್ನೀರಿನಲ್ಲಿ ಇಳಿದವರನ್ನು ಅದು ನೇರ ಅಣೆಕಟ್ಟೆಯ ಕಡೆಗೆ, ಮನೆಯಿಂದ ದೂರಕ್ಕೆ ಒಯ್ಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಯಿ ಮಡಚಿಡಿ. ಚಳಿಗಾಲದ ಬೆಳಗು ಒಳ್ಳೆಯದು. ಯಾವಾಗ ಹೋದರೂ ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದಾಗ ಗಾಳಿಯೇ ವಾಪಸು ತರಲಿ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು; ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ, ಘಾಟಿ ರಸ್ತೆ ಹತ್ತಿದ ಹಾಗೆ ಹತ್ತಬೇಕು. ಗಾಳಿಯ ಬಲ ಅಳೆಯಲು ಯಂತ್ರ ಬೇಡ. ಬೇವಿನ ಎಲೆ, ಸಣ್ಣ ಕಡ್ಡಿಗಳು ಬಿಡುವಿಲ್ಲದೆ ಆಡುತ್ತಿದ್ದರೆ ಹದವಾದ ಗಾಳಿ. ದಡದಲ್ಲಿ ಧೂಳು, ಕಾಗದದ ಚೂರು ಏಳುತ್ತಿದ್ದರೆ ಹೊಸಬರು ಇಳಿಯಬಾರದು. ನೀರಿನ ಮೇಲೆ ಬಿಳಿನೊರೆಯ ತಲೆಗಳು ಕಂಡವೋ, ಹಾಯಿ ಇಳಿಸಿ ಹುಟ್ಟು ಹಿಡಿಯಿರಿ. ಹಿನ್ನೀರಿನ ಅಂಚುಗಳಲ್ಲಿ ದಶಕಗಟ್ಟಲೆ ಒಣಗಿದ್ದ ನೆಲ ಮುಳುಗಿದೆ, ಜಾಲಿಯ ಬೊಡ್ಡೆ, ತಂತಿಬೇಲಿ ನೀರಿನಡಿ ಇರಬಹುದು. ಅಲ್ಲಿ ಹಲಗೆ ಮೇಲೆತ್ತಿ ಹುಟ್ಟಿನಲ್ಲೇ ಹೋಗಿ.

ದೋಣಿ ಮಗುಚಿದರೂ ಮುಳುಗಬಾರದು. ಎರಡು ಲೀಟರಿನ ಖಾಲಿ ಬಾಟಲಿ ಐವತ್ತನ್ನು ಮುಚ್ಚಳ ಬಿಗಿದು, ಬಲೆಯಲ್ಲಿ ಕಟ್ಟಿ, ಕೂರುವ ಹಲಗೆಗಳ ಕೆಳಗೆ ಅಲ್ಲಾಡದಂತೆ ತುರುಕಿ. ನೂರು ಲೀಟರ್ ಗಾಳಿ ನೂರು ಕೆಜಿಯನ್ನು ತೇಲಿಸುತ್ತದೆ. ಮಗುಚಿದಾಗ ದೋಣಿ ಬಿಟ್ಟು ದಡಕ್ಕೆ ಈಜಬೇಡಿ, ದೋಣಿಯನ್ನೇ ಹಿಡಿದುಕೊಂಡಿರಿ. ಹಾಯಿ ಎಳೆಯುವ ಹಗ್ಗವನ್ನು ಎಂದೂ ಗಂಟು ಹಾಕಬೇಡಿ, ಕೈಯಲ್ಲೇ ಇರಲಿ. ಗಾಳಿ ಹೊಡೆದಾಗ ಬಿಟ್ಟುಬಿಟ್ಟರೆ ಹಾಯಿ ಬಾವುಟವಾಗಿ ದೋಣಿ ನೆಟ್ಟಗಾಗುತ್ತದೆ. ನೀರು ಮೊಗೆಯಲು ಎಣ್ಣೆ ಕ್ಯಾನಿನ ಅರ್ಧ, ಒಂದು ಸೀಟಿ, ಇಬ್ಬರಿಗೂ ಲೈಫ್ ಜಾಕೆಟ್. ಜಾಕೆಟ್ಟನ್ನು ಹಲಗೆಯ ಕೆಳಗಿಟ್ಟು ಹೋಗುವವರು ಮನೆಯಲ್ಲೇ ಇರುವುದು ಮೇಲು.

ನಮ್ಮ ದೋಣಿಯನ್ನು ಶೇಂಗಾ ತೂಗುವ ತಕ್ಕಡಿಯ ಮೇಲಿಟ್ಟಾಗ 43 ಕೆಜಿ ತೋರಿಸಿತು, ಲೆಕ್ಕಕ್ಕಿಂತ ಮೂರು ಹೆಚ್ಚು. ಆ ಮೂರೂ ನಾನು ಧಾರಾಳವಾಗಿ ಮೆತ್ತಿದ ಎಪಾಕ್ಸಿ. ಟಾಟಾ ಏಸ್‌ನಲ್ಲಿ ಹಾಕಿದರೆ ಬಾಲ ಸ್ವಲ್ಪ ಹೊರಗಿರುತ್ತದೆ, ಕೆಂಪು ಬಟ್ಟೆ ಕಟ್ಟಿ. ಇಬ್ಬರು ಇಳಿಸಬಹುದು. ಮತ್ತೆ, ಮೊದಲ ದಿನ ಹಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.